ಅಪ್ಪ ಮಲಗಿದ ಜಾಗ ಬಿಟ್ಟು, ಹಳೆ ಬೆಡ್‌ಶೀಟಿನಲ್ಲಿ ಒಂದು ಕುರ್ತಾ

ಮೊದಲನೇ ಕುರ್ತಾ ಹರಿದದ್ದು ಅಟ್ಟದಿಂದ ಇಡ್ಲಿ ಪಾತ್ರೆ ಇಳಿಸುವಾಗ. ಎರಡೂ ಕೈ ಮೇಲೆತ್ತಿದೆ, ಬೆನ್ನ ಹಿಂದೆ ಪರ್ ಅಂತ ಸದ್ದು ಬಂತು. ಹೊಲಿಗೆ ಬಿಟ್ಟಿರಬೇಕು ಅಂದುಕೊಂಡು ಕಳಚಿ ನೋಡಿದರೆ ಹೊಲಿಗೆ ಒಂದೂ ಬಿಟ್ಟಿಲ್ಲ, ಅದರ ಪಕ್ಕದಲ್ಲೇ ಬಟ್ಟೆ ಒಂದು ಗೇಣು ಅಡ್ಡಕ್ಕೆ ಸೀಳಿಕೊಂಡಿದೆ. ಎರಡು ದಿನ ಕೂತು ಹೊಲಿದದ್ದು. ಹಾಕಿಕೊಂಡದ್ದು ಅದು ಎರಡನೇ ಸಲ.

ತಪ್ಪು ನನ್ನದೇ. ಅಂಗಡಿಯಿಂದ ತಂದ ಹೊಸ ಪೀಸನ್ನು ಮಡಚುವ ಹಾಗೇ ಹಳೆ ಬೆಡ್‌ಶೀಟನ್ನೂ ನಾಲ್ಕು ಮಡಿಕೆ ಮಾಡಿ, ಮೇಲೆ ಅಳತೆಯ ಕುರ್ತಾ ಇಟ್ಟು, ಸುತ್ತ ಚಾಕ್ ಎಳೆದು ಕತ್ತರಿಸಿದ್ದೆ. ಹೊಸ ಬಟ್ಟೆಗೆ ಅದು ಸರಿ, ಅದರಲ್ಲಿ ಎಲ್ಲಿ ಕತ್ತರಿಸಿದರೂ ಗಟ್ಟಿ ಒಂದೇ. ಮಲಗಿ ಮಲಗಿ ಸವೆದ ಬಟ್ಟೆಯಲ್ಲಿ ಹಾಗಿರುವುದಿಲ್ಲ. ಕುರ್ತಾದ ಬೆನ್ನು ಸರಿಯಾಗಿ ಸವೆದ ಜಾಗದಲ್ಲೇ ಬಂದು ಕೂತಿತ್ತು.

ಹಾಗಾಗಿ ಈ ಸಲ ಉಲ್ಟಾ ಮಾಡಿದೆ. ಮೊದಲು ಸವೆದದ್ದು ಎಲ್ಲಿ ಅಂತ ಗುರುತು ಮಾಡಿಕೊಂಡು, ಉಳಿದ ಜಾಗದಲ್ಲಿ ಯಾವ ಉಡುಪು ಹುಟ್ಟುತ್ತದೋ ಅದನ್ನೇ ಹೊಲಿಯುವುದು ಅಂತ.

ಬೆಡ್‌ಶೀಟ್ ಅಮ್ಮನ ಮನೆಯದು. ಸಾಗರಕ್ಕೆ ಹೋದಾಗ ಟ್ರಂಕು ಖಾಲಿ ಮಾಡುತ್ತಾ ಸಿಕ್ಕಿದ್ದು. ಕಣ್ಣೂರಿನ ಕೈಮಗ್ಗದ್ದು, ಬಿಳಿ ಮೇಲೆ ನೀಲಿ ಚೌಕಳಿ, ಡಬಲ್ ಸೈಜು. ಕೈಮಗ್ಗದ ಮೇಳದಲ್ಲಿ 2009ರಲ್ಲಿ ತಗೊಂಡದ್ದಂತೆ. ಜೊತೆಗೆ ಎರಡು ಬಿಳಿ ದಿಂಬಿನ ಕವರು, ಒಂದು ಕಿಟಕಿ ಪರದೆ, ಅಪ್ಪನ ಎರಡು ಪಂಚೆ. ಚೀಲಕ್ಕೆ ತುಂಬಿಕೊಳ್ಳುವಾಗ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಅದ್ಯಾಕೇ ಅದು, ನೆಲ ಒರೆಸೋಕಾ?”

“ಕುರ್ತಾ ಹೊಲಿಯೋಕೆ ಅಮ್ಮ.”

“ಹಾಸಿಗೆ ಬಟ್ಟೆ ಮೈಲಿಗೆ ಅಲ್ವೇನೇ. ಅದನ್ನ ಹಾಕ್ಕೊಂಡು ದೇವರ ಮನೆಗೆ ಹೋಗ್ಬೇಡ ಮತ್ತೆ.”

ಇಲ್ಲ ಅಂದೆ. ಇವತ್ತಿಗೂ ಹೋಗಿಲ್ಲ, ಮಾತು ಅಂದ ಮೇಲೆ ಮಾತು.

ಮೈಸೂರಿಗೆ ಬಂದು ಮೊದಲು ಮಾಡಿದ ಕೆಲಸ ಪರೀಕ್ಷೆ. ಪ್ರತಿಯೊಂದರ ಅಂಚಿನಿಂದ ಒಂದೆರಡು ಎಳೆ ಕಿತ್ತು ಸಿಂಕಿನ ಮೇಲೆ ಬೆಂಕಿ ತೋರಿಸಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ಥರ ಉಳಿಯುತ್ತದೆ. ಬೆಡ್‌ಶೀಟು, ದಿಂಬಿನ ಕವರು, ಪಂಚೆ ಎಲ್ಲಾ ಅಪ್ಪಟ ಹತ್ತಿ. ಪರದೆಯಲ್ಲಿ ಮಣಿ ಉಳಿಯಿತು. ಪರದೆಯ ಬಗ್ಗೆ ಇನ್ನೊಂದು ಮಾತು: ಅದು ನೋಡೋಕೆ ಚೆನ್ನಾಗಿಯೇ ಇತ್ತು, ಆದರೆ ಬಿಸಿಲಿಗೆ ಒಡ್ಡಿದ ಮಡಿಕೆಗಳನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆದರೆ ಹಪ್ಪಳದ ಹಾಗೆ ಬಿಟ್ಟುಕೊಂಡಿತು. ವರ್ಷಗಟ್ಟಲೆ ಬಿಸಿಲು ತಿಂದ ಬಟ್ಟೆಯನ್ನು ಕಣ್ಣಲ್ಲಿ ನೋಡಿ ನಂಬಬೇಡಿ, ಎಳೆದು ನೋಡಿ. ಪರದೆಯನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ಬೆಡ್‌ಶೀಟನ್ನು ಬಾಲ್ಕನಿಯ ಹಗ್ಗಕ್ಕೆ ಒಂದೇ ಪದರ ಬರುವ ಹಾಗೆ ಹರವಿ, ಬೆಳಗಿನ ಬಿಸಿಲು ಹಿಂದಿನಿಂದ ಬೀಳುವ ಹೊತ್ತಿಗೆ ಒಳಗಿನಿಂದ ನೋಡಿದೆ. ಸವೆದ ಕಡೆ ಬೆಳಕು ಜರಡಿಯಲ್ಲಿ ಸೋಸಿದ ಹಾಗೆ ಬರುತ್ತದೆ, ಗಟ್ಟಿ ಇರುವ ಕಡೆ ಬರುವುದಿಲ್ಲ. ಹಾಸಿಗೆಯ ನಡುವೆ ಒಂದು ದೊಡ್ಡ ಸವೆದ ಮಚ್ಚೆ ಇರುತ್ತದೆ ಅಂತ ಅಂದುಕೊಂಡಿದ್ದೆ. ಇದ್ದದ್ದು ಎರಡು. ಇಬ್ಬರು ಮಲಗುವ ಮಂಚ ತಾನೆ! ಎಡಗಡೆಯದು ಅಮ್ಮನದು, ಭುಜದ ಹತ್ತಿರ ಒಂದಿಷ್ಟು, ಸೊಂಟದ ಹತ್ತಿರ ಒಂದಿಷ್ಟು, ಅಷ್ಟೇ. ಬಲಗಡೆ ಅಪ್ಪ. ಅಪ್ಪ ರಾತ್ರಿಯೆಲ್ಲಾ ಹೊರಳಾಡುವ ಮನುಷ್ಯ, ಆ ಕಡೆ ಉದ್ದಕ್ಕೂ ಬಟ್ಟೆ ಸೊಳ್ಳೆ ಪರದೆಯ ಹಾಗಾಗಿತ್ತು. ಇಬ್ಬರ ಮಧ್ಯೆ ತಲೆಯಿಂದ ಕಾಲಿನವರೆಗೆ ಒಂದು ಪಟ್ಟಿ ಮಾತ್ರ ಹೊಸದರ ಹಾಗೇ ಗಟ್ಟಿ.

ಲೆಕ್ಕ ಸುಲಭ. ಬೆಡ್‌ಶೀಟ್ 90 ಇಂಚು ಅಗಲ, 108 ಇಂಚು ಉದ್ದ. ಹಾಸಿಗೆ 60 ಇಂಚು ಅಗಲ, 72 ಇಂಚು ಉದ್ದ. ಅಂದರೆ ಎರಡು ಪಕ್ಕದಲ್ಲೂ 15 ಇಂಚಿನಷ್ಟು, ತಲೆ ಕಡೆ ಕಾಲ ಕಡೆ 18 ಇಂಚಿನಷ್ಟು ಬಟ್ಟೆ ಇಷ್ಟು ವರ್ಷ ಹಾಸಿಗೆ ಕೆಳಗೆ ಸಿಕ್ಕಿಸಿಕೊಂಡು ಆರಾಮಾಗಿ ಇತ್ತು. ಅದರ ಮೇಲೆ ಯಾರೂ ಮಲಗಿಲ್ಲ. ಅದರ ಜೊತೆ ಮಧ್ಯದ 13 ಇಂಚಿನ ಪಟ್ಟಿ. ತಲೆ ಕಡೆ, ಮಧ್ಯದ ಪಟ್ಟಿಯ ಎಡಬಲದಲ್ಲಿ ಎಣ್ಣೆ ಕಲೆ, ಸೋಡಾ ಹಾಕಿ ಬಿಸಿ ನೀರಲ್ಲಿ ನೆನೆಸಿದರೂ ಪೂರ್ತಿ ಹೋಗಲಿಲ್ಲ, ಹಾಗಾಗಿ ಅಷ್ಟು ಜಾಗವನ್ನು ಮಾತ್ರ ಪಕ್ಕಕ್ಕಿಟ್ಟೆ.

ಈಗ ಸಮಸ್ಯೆ ನೋಡಿ. ನನ್ನ ಎದೆ ಸುತ್ತಳತೆ 38. ಸಡಿಲಕ್ಕೆ 4 ಸೇರಿಸಿದರೆ 42, ಮುಂದೆ 21 ಹಿಂದೆ 21. ಹೊಲಿಗೆಗೆ ಬಿಡೋದು ಸೇರಿ ಒಂದೇ ತುಂಡಾಗಿ 23 ಇಂಚು ಅಗಲದ ಗಟ್ಟಿ ಬಟ್ಟೆ ಈ ಬೆಡ್‌ಶೀಟಿನಲ್ಲಿ ಉದ್ದಕ್ಕೆ ಎಲ್ಲೂ ಇಲ್ಲ. ಇರುವುದು 13, 15, 15. ಒಂದು ಸಂಜೆ ಪೂರ್ತಿ ಕಾಗದದ ಮೇಲೆ ಚೌಕ ಎಳೆದು ಅಳಿಸಿ ಕೂತಿದ್ದೆ. ಆಮೇಲೆ ಹೊಳೆಯಿತು, ಇದು ಕಲಿ ಕುರ್ತಾ. ನಡುವೆ ನೇರವಾದ ಒಂದು ತುಂಡು, ಎರಡು ಪಕ್ಕಕ್ಕೂ ಕೆಳಗೆ ಅಗಲವಾಗುತ್ತಾ ಹೋಗುವ ಒಂದೊಂದು ತುಂಡು, ಅದಕ್ಕೆ ಟೈಲರುಗಳು ಕಲಿ ಅನ್ನುತ್ತಾರೆ. ಬಟ್ಟೆ ಹಾಳಾಗದ ಹಾಗೆ ಕತ್ತರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಡುಪು ನನಗಂತೂ ಗೊತ್ತಿಲ್ಲ.

ಮಧ್ಯದ ಪಟ್ಟಿಯಿಂದ 12.5 ಇಂಚು ಅಗಲದ ಎರಡು ತುಂಡು, ಮುಂದಿಗೊಂದು ಹಿಂದಿಗೊಂದು. ಪಕ್ಕದ ಪಟ್ಟಿಗಳಿಂದ ತಲಾ ಎರಡು ಕಲಿ, ಮೇಲೆ 6.5 ಇಂಚು ಕೆಳಗೆ 11 ಇಂಚು. ಎಲ್ಲದರ ಉದ್ದ 42.5. ಕಾಲ ಕಡೆ, ಮಧ್ಯದ ಪಟ್ಟಿಯ ಎಡಬಲದಲ್ಲಿ ಉಳಿದ ಭಾಗದಿಂದ ಮುಕ್ಕಾಲು ತೋಳು, 17 ಇಂಚು ಉದ್ದ. ಒಟ್ಟು ಎಂಟು ತುಂಡು. ನಿಜವಾಗಲೂ ಖುಷಿಯಾದದ್ದು ಇನ್ನೊಂದಕ್ಕೆ: ಪ್ರತಿ ತುಂಡಿನ ಕೆಳಭಾಗವನ್ನು ಬೆಡ್‌ಶೀಟಿನ ತುದಿಗೆ ಬರುವ ಹಾಗೆ ಇಟ್ಟರೆ, ಅದರ ಅಂಚು ಮೊದಲೇ ಮಡಚಿ ಹೊಲಿದದ್ದು! ಕುರ್ತಾಕ್ಕೂ ತೋಳಿಗೂ ಕೆಳಗೆ ಅಂಚು ಹೊಲಿಯುವ ಕೆಲಸವೇ ಇಲ್ಲ. ಹೀಗಂತ ತಂಗಿಗೆ ಫೋನ್ ಮಾಡಿ ಜಂಭ ಕೊಚ್ಚಿಕೊಂಡೆ.

ಕತ್ತರಿಸುವ ಮೊದಲು ಗಂಜಿ. ಇದನ್ನು ಬಿಡಬೇಡಿ. ಹಳೆ ಹತ್ತಿ ಮೆತ್ತಗೆ, ಮೇಜಿನ ಮೇಲೆ ಇಟ್ಟರೆ ಚಾಕ್ ಎಳೆದ ಕಡೆಗೇ ಜಾರಿಕೊಂಡು ಬರುತ್ತದೆ, ಕತ್ತರಿ ಬಾಯಿಗೆ ಸಿಕ್ಕಿ ಮುದುಡುತ್ತದೆ. ಅನ್ನ ಬಸಿದ ಗಂಜಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಒಂದಕ್ಕೆ ನಾಲ್ಕು ನೀರು ಸೇರಿಸಿ ಅದ್ದಿದೆ. ಪೂರ್ತಿ ಒಣಗುವ ಮೊದಲೇ, ಕೈಗೆ ತಣ್ಣಗೆ ತಾಕುವಾಗ, ಇಸ್ತ್ರಿ ಮಾಡಿದೆ. ಇಸ್ತ್ರಿ ಪೆಟ್ಟಿಗೆಯನ್ನು ಎಳೆಯ ನೇರಕ್ಕೆ ಮಾತ್ರ ಓಡಿಸಬೇಕು. ಓರೆಯಾಗಿ ಎಳೆದರೆ ಚೌಕಳಿ ಎಲ್ಲಾ ವಾಲಿಕೊಂಡು ಕೂರುತ್ತದೆ. ಒಣಗಿದ ಮೇಲೆ ಬಟ್ಟೆ ಡ್ರಾಯಿಂಗ್ ಹಾಳೆ ಥರ ನಿಂತಿತು. ಹಳೆ ಬಟ್ಟೆಯಲ್ಲಿ ಒಂದು ಅನುಕೂಲ ಅಂದರೆ ಕುಗ್ಗುವುದೆಲ್ಲಾ ಎಂದೋ ಕುಗ್ಗಿ ಮುಗಿದಿರುತ್ತದೆ, ಹೊಲಿದ ಮೇಲೆ ಒಗೆದರೆ ಗಿಡ್ಡ ಆಗುತ್ತದೆ ಅನ್ನುವ ಹೆದರಿಕೆ ಇಲ್ಲ.

ಉದ್ದದ ಪಟ್ಟಿಗಳನ್ನು ಕತ್ತರಿಯಲ್ಲಿ ಕತ್ತರಿಸಲಿಲ್ಲ. ತುದಿಯ ಅಂಚಿನಲ್ಲಿ ಒಂದು ಕಚ್ಚು ಹಾಕಿ, ಎರಡು ಕೈಯಲ್ಲಿ ಹಿಡಿದು ಹರಿದೆ. ಹತ್ತಿ ಎಳೆ ಹಿಡಿದು ನೇರವಾಗಿ ಹರಿಯುತ್ತದೆ, ಸ್ಕೇಲು ಬೇಡ. ಸದ್ದಿನಲ್ಲೇ ಬಟ್ಟೆಯ ಗಟ್ಟಿತನ ಗೊತ್ತಾಗುತ್ತದೆ ಅನ್ನೋದು ಆವತ್ತು ತಿಳಿಯಿತು. ಗಟ್ಟಿ ಬಟ್ಟೆ ಗಂಟಲೆತ್ತಿ ಹರಿಯುತ್ತದೆ, ಅಪ್ಪನ ಕಡೆಯ ಬಟ್ಟೆ ಸದ್ದೇ ಇಲ್ಲದೆ ಬಿಟ್ಟುಕೊಂಡಿತು.

ಮೂರು ಕಲಿ ಸರಿಯಾಗಿ ಕತ್ತರಿಸಿದೆ. ನಾಲ್ಕನೆಯದಕ್ಕೆ ಬರುವಾಗ ಕುಕ್ಕರ್ ಕೂಗಿತು, ಎದ್ದು ಹೋಗಿ ಬಂದು, ಕಾಗದದ ಅಳತೆಯನ್ನು ತಲೆಕೆಳಗಾಗಿ ಇಟ್ಟು ಕತ್ತರಿಸಿಬಿಟ್ಟೆ. ಹೊಲಿದ ಅಂಚು ಈಗ ಕಿರಿದಾದ ತುದಿಗೆ, ಅಂದರೆ ಭುಜಕ್ಕೆ ಬಂತು. ಕೆಳಗೆ ಬರಬೇಕಾದ ಅಗಲದ ತುದಿ ಬರೀ ಕಚ್ಚಾ ಬಟ್ಟೆ. ಹತ್ತು ನಿಮಿಷ ಸುಮ್ನೆ ನೋಡುತ್ತಾ ಕೂತೆ. ಬೇರೆ ಕಲಿ ಕತ್ತರಿಸೋಕೆ ಗಟ್ಟಿ ಬಟ್ಟೆ ಉಳಿದಿಲ್ಲ. ಆಮೇಲೆ ಅಳೆದು ನೋಡಿದರೆ, ಭುಜದ ಇಳಿಜಾರಿಗೆ ಕಲಿಯ ಮೇಲೆ ಹೇಗೂ ಒಂದು ಇಂಚು ತೆಗೆಯಬೇಕಿತ್ತು. ಅದನ್ನು ಮೇಲೆ ತೆಗೆಯುವ ಬದಲು ತುಂಡನ್ನೇ ಒಂದು ಇಂಚು ಕೆಳಗಿಳಿಸಿದೆ, ಆ ಇಂಚಿನಲ್ಲಿ ಕೆಳಗೆ ಅಂಚು ಮಡಚುವುದಕ್ಕಾಯಿತು.

ಮೇಲಿನ ಹಳೆ ಅಂಚು ದಪ್ಪ ಅಂತ ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಿದೆ. ಮಡಿಕೆ ತೆರೆದುಕೊಂಡಾಗ ಒಳಗೆ ಬೇರೆಯೇ ಬಟ್ಟೆ ಇದ್ದ ಹಾಗಿತ್ತು. ನೀಲಿ ಅಂದರೆ ಅದು ನೀಲಿ, ಶಾಯಿ ಬಾಟಲಿಯ ಬಣ್ಣ. ಹೊರಗಿನದು ಅದರ ಪಕ್ಕದಲ್ಲಿ ತೊಳೆದ ಸ್ಲೇಟಿನ ಥರ ಕಾಣುತ್ತಿತ್ತು. ಹೊಲಿಗೆಯ ಸಾಲಿನಲ್ಲಿ ಬೂದು ಬಣ್ಣದ ಹಿಂಜು, ಅಂದರೆ ಬಟ್ಟೆ ಬಿಟ್ಟ ನವಿರು ಎಳೆ, ಸಣ್ಣ ಸಣ್ಣ ಉಂಡೆಯಾಗಿ ಕೂತಿತ್ತು. ಒಂದೂಕಾಲು ಇಂಚು ಅಗಲ, ಆರೂವರೆ ಇಂಚು ಉದ್ದದ ಆ ಕಡುನೀಲಿ ಪಟ್ಟಿಯನ್ನು ಬಿಸಾಡೋಕೆ ಮನಸ್ಸು ಬರಲಿಲ್ಲ. ಕತ್ತಿನ ಮುಂದಿನ 5 ಇಂಚಿನ ಸೀಳಿಗೆ, ಗುಂಡಿ ಬರುವ ಕಡೆ ಒಳಪಟ್ಟಿಯಾಗಿ ಹಾಕಿದೆ. ಗುಂಡಿ ಹಾಕಿದರೆ ಕಾಣುವುದಿಲ್ಲ, ಬಿಚ್ಚಿದರೆ ಮಾತ್ರ ಕಾಣುತ್ತದೆ.

ಇನ್ನು ಹೊಲಿಗೆ. ನನ್ನದು ಕಾಲಲ್ಲಿ ತುಳಿಯುವ ಕಪ್ಪು ಮಷಿನ್, ನೇರ ಹೊಲಿಗೆ ಬಿಟ್ಟರೆ ಬೇರೆ ಬರುವುದಿಲ್ಲ. ಅದರಲ್ಲಿ ಯಾವಾಗಲೂ 14ನೇ ನಂಬರ್ ಸೂಜಿ ಇರುತ್ತದೆ. ಅದರಲ್ಲೇ ಶುರು ಮಾಡಿದರೆ ಬಟ್ಟೆಯಲ್ಲಿ ತೂತು ಎದ್ದು ಕಾಣುತ್ತಿತ್ತು, ನಡುನಡುವೆ ಹೊಲಿಗೆ ಹಾರುತ್ತಿತ್ತು. 11ಕ್ಕೆ ಬದಲಾಯಿಸಿದೆ, ತೂತು ಹೋಯಿತು. ಹಾರುವುದು ನಿಲ್ಲಲಿಲ್ಲ. ಮೇಲಿನ ಟೆನ್ಷನ್, ಅಂದರೆ ದಾರದ ಬಿಗಿ, ತಿರುಗಿಸಿ ತಿರುಗಿಸಿ ಸಾಕಾಯಿತು. ಕೊನೆಗೆ ಕೆಳದಾರ ಇಡುವ ಬಾಬಿನ್ ಕೇಸ್ ತೆಗೆದು ನೋಡಿದರೆ ಕೆಳಗೆ ಹಳೆ ಬಟ್ಟೆಯ ಹಿಂಜು ಬೆಕ್ಕಿನ ಕೂದಲಿನ ಥರ ಸುತ್ತಿಕೊಂಡಿತ್ತು. ಹಳೆ ಹತ್ತಿ ಹಿಂಜು ಜಾಸ್ತಿ ಬಿಡುತ್ತದೆ, ಪ್ರತಿ ಎರಡು ಉದ್ದ ಹೊಲಿಗೆಗೆ ಒಂದು ಸಲ ಬ್ರಷ್ ಹಾಕಿ ಒಂದು ಹನಿ ಮಷಿನ್ ಎಣ್ಣೆ ಬಿಟ್ಟೆ. ಟೆನ್ಷನ್ ಪಾಪ ಸರಿಯಾಗಿಯೇ ಇತ್ತು.

ಹೊಲಿಗೆ ಗಟ್ಟಿಯಾಗಲಿ ಅಂತ ಸಣ್ಣ ಸಣ್ಣದಾಗಿ ಹೊಲಿಯಬೇಡಿ. ಮೊದಲನೇ ಕುರ್ತಾದಲ್ಲಿ ನಾನು ಮಾಡಿದ ಎರಡನೇ ತಪ್ಪು ಅದೇ. ಒತ್ತೊತ್ತಾಗಿ ತೂತು ಹಾಕಿದರೆ ಸ್ಟಾಂಪು ಹಾಳೆಯ ಹಾಗೆ, ಎಳೆದ ಕೂಡಲೇ ಆ ಸಾಲಿನಲ್ಲೇ ಹರಿಯುತ್ತದೆ. ಇಂಚಿಗೆ ಹತ್ತು ಹೊಲಿಗೆ ಸಾಕು. ದಾರವೂ ತೆಳು ಹತ್ತಿಯದೇ ಹಾಕಿದೆ. ದಾರ ಬಟ್ಟೆಗಿಂತ ಗಟ್ಟಿ ಇದ್ದರೆ ಹರಿಯುವ ಸರದಿ ಬಟ್ಟೆಗೇ ಬರುತ್ತದೆ. ದಾರ ಕಿತ್ತರೆ ಮತ್ತೆ ಹೊಲಿಯಬಹುದು, ಅಲ್ವಾ?

ಜೋಡಣೆಗೆಲ್ಲಾ ಡಬಲ್ ಹೊಲಿಗೆ. ಮೊದಲು ಒಳಬದಿಗಳನ್ನು ಸೇರಿಸಿ ಕಾಲು ಇಂಚಿಗೆ ಹೊಲಿದು, ಉಳಿದದ್ದನ್ನು ಅರ್ಧಕ್ಕೆ ಕತ್ತರಿಸಿ, ಮಗುಚಿ, ಆ ಕಚ್ಚಾ ಅಂಚು ಒಳಗೆ ಮುಚ್ಚಿಹೋಗುವ ಹಾಗೆ ಇನ್ನೊಂದು ಕಾಲು ಇಂಚಿಗೆ ಹೊಲಿಯುವುದು. ಅಂಚಿನ ಎಳೆ ಬಿಡದ ಹಾಗೆ ಮಷಿನ್‌ನಲ್ಲಿ ದಾರ ಸುತ್ತಿಸುವ ಓವರ್‌ಲಾಕ್ ಬೇಡ. ಆದರೂ ಒಂದು ತುಂಡು ಹಿಡಿದುಕೊಂಡು ಬೀದಿ ಕೊನೆಯ ಟೈಲರ್ ಹತ್ತಿರ ಹೋಗಿ ಕೇಳಿದೆ, ಓವರ್‌ಲಾಕ್ ಮಾಡಿಸಿದರೆ ಹೇಗೆ ಅಂತ. ಅವರು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, “ಅಕ್ಕಾ, ಇದಕ್ಕೆ ಓವರ್‌ಲಾಕ್ ಹಾಕಿದ್ರೆ ಅಂಚು ತಿಂದು ಹಾಕತ್ತೆ. ನೀವು ಮಾಡ್ತಿರೋದೇ ಸರಿ” ಅಂದರು. ದುಡ್ಡು ಬರುವ ಕೆಲಸವನ್ನು ಬೇಡ ಅಂದ ಮೇಲೆ ನಂಬಲೇಬೇಕು.

ಚೌಕಳಿ ಕೂಡಿಸುವುದು ತಲೆನೋವು. ಕಲಿಯ ಓರೆ ಬದಿಯನ್ನು ಹೊರಗೆ, ಕಂಕುಳ ಕಡೆಗೆ ಇಟ್ಟು, ನೇರ ಬದಿಯನ್ನು ಮಧ್ಯದ ತುಂಡಿಗೆ ಜೋಡಿಸಿದೆ. ಹಾಗೆ ಮಾಡಿದರೆ ಮುಂದೆ ಕಾಣುವ ಎರಡು ಜೋಡಣೆಯಲ್ಲೂ ಅಡ್ಡಗೆರೆ ಗೆರೆಗೆ ಬಂದು ಕೂರುತ್ತದೆ. ಎರಡೆರಡು ಚೌಕಕ್ಕೆ ಒಂದು ಗುಂಡುಸೂಜಿ, ಅದರ ಮೇಲೆ ಕೈಯಲ್ಲಿ ಕಚ್ಚಾ ಹೊಲಿಗೆ, ಆಮೇಲೆ ಮಷಿನ್. ಕಂಕುಳ ಕೆಳಗಿನ ಪಕ್ಕದ ಹೊಲಿಗೆಯಲ್ಲಿ ಕೂಡಲಿಲ್ಲ, ಅದನ್ನು ಯಾರು ನೋಡುತ್ತಾರೆ. ಕೈಮಗ್ಗದ ಈ ಥರದ ಚೌಕಳಿಗೆ ಒಳಗು ಹೊರಗು ಇಲ್ಲ, ನೂಲಿಗೇ ಬಣ್ಣ ಹಾಕಿ ನೇಯ್ದದ್ದು. ಹಾಗಾಗಿ ಎಡದ ತೋಳು ಬಲದ ತೋಳು ಅಂತ ಗೊಂದಲ ಮಾಡಿಕೊಂಡರೂ ಮಗುಚಿ ಹಾಕಿಕೊಳ್ಳಬಹುದು. ನಾನು ಮಾಡಿಕೊಂಡೆ, ಮಗುಚಿದೆ.

ಅಂಚು ಹೊಲಿಯುವ ಕೆಲಸವೇ ಇಲ್ಲ ಅಂದಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ. ಮಡಚಿ ಹೊಲಿದ ಅಂಚಿನ ಮೇಲೆ ಡಬಲ್ ಹೊಲಿಗೆ ಹಾಕೋಕೆ ಹೋದರೆ ಅಲ್ಲಿ ಬಟ್ಟೆ ಗೋಣಿ ತಾಟಿನಷ್ಟು ದಪ್ಪವಾಗಿ ಸೂಜಿ ಮುರಿಯಿತು. ಆಮೇಲೆ ಪ್ರತಿ ತುಂಡಿನ ಅಂಚನ್ನೂ ಎರಡು ತುದಿಯಲ್ಲಿ ಒಂದೊಂದು ಇಂಚು ಬಿಚ್ಚಿಕೊಂಡು, ಜೋಡಿಸಿ, ಮತ್ತೆ ಮಡಚಿ ಕೈಯಲ್ಲಿ ಹೊಲಿದೆ. ತಂಗಿಗೆ ಇದನ್ನು ಹೇಳಿಲ್ಲ.

ಬೆನ್ನು ಹರಿದ ನೆನಪು ಇದ್ದುದರಿಂದ, ಒಳಗಡೆ ಭುಜದಿಂದ ಎಂಟು ಇಂಚು ಕೆಳಗಿನವರೆಗೆ ದಿಂಬಿನ ಕವರಿನ ಬಟ್ಟೆಯನ್ನು ಎರಡನೇ ಪದರವಾಗಿ ಕೊಟ್ಟೆ. ದಿಂಬಿನ ಕವರಿನಲ್ಲೂ ತಲೆ ಇಟ್ಟ ನಡುಭಾಗ ಬಿಟ್ಟು ಹಿಂದಿನ ಬದಿಯದ್ದೇ ತಗೊಂಡೆ. ಕತ್ತಿಗೆ ಅದರದ್ದೇ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ್ದು), ಒಂದೂಕಾಲು ಇಂಚು ಅಗಲ, ಪೂರ್ತಿ ಒಳಗೆ ಮಡಚಿದ್ದು. ಮೂರು ಗುಂಡಿ ಅಪ್ಪನ ಹಳೆ ಶರ್ಟಿನವು. ಕಾಜಾ ಕೈಯಲ್ಲೇ ಹಾಕಿದೆ, ಮೊದಲನೆಯದು ಇಲಿ ಕಡಿದ ಹಾಗಿದೆ, ಮೂರನೆಯದು ಪರವಾಗಿಲ್ಲ. ಬಲಗಡೆ ಒಂದು ಜೇಬು ಮೇಲಿಂದ ಹಚ್ಚಿದೆ. ಕುರ್ತಾಕ್ಕೆ ಜೇಬಿಲ್ಲದಿದ್ದರೆ ನಾನು ಹಾಕಿಕೊಳ್ಳುವುದೇ ಇಲ್ಲ.

ಎಲ್ಲಾ ಮುಗಿದ ಮೇಲೆ ಎರಡು ಸಲ ನೀರಲ್ಲಿ ಜಾಲಿಸಿ ಗಂಜಿ ತೆಗೆದೆ. ಗಂಜಿ ಇಟ್ಟ ಬಟ್ಟೆಯನ್ನು ಹಾಗೇ ಬೀರುವಿನಲ್ಲಿ ಇಟ್ಟರೆ ಜಿರಲೆಗೆ ಊಟ ಬಡಿಸಿದ ಹಾಗೆ. ಗಂಜಿ ಹೋದ ಮೇಲೆ ಬಟ್ಟೆ ಮತ್ತೆ ತನ್ನ ಹಳೆ ಮೆತ್ತಗಿನ ಗುಣಕ್ಕೆ ಬಂತು. ಎಷ್ಟು ದುಡ್ಡು ಕೊಟ್ಟರೂ ಹೊಸ ಬಟ್ಟೆ ಮೊದಲ ದಿನವೇ ಹೀಗೆ ಮೈಗೆ ಕೂರುವುದಿಲ್ಲ. ಖರ್ಚು ದಾರ, ಸೂಜಿ ಸೇರಿ 60 ರೂಪಾಯಿ. ಸಮಯ ಕೇಳಬೇಡಿ, ನಾಲ್ಕು ಭಾನುವಾರ.

ಈಗ ಎರಡು ತಿಂಗಳಾಯಿತು. ಒಂಬತ್ತು ಸಲ ಒಗೆದಿದ್ದೇನೆ, ಕಲ್ಲಿಗೆ ಬಡಿದಿಲ್ಲ. ಅಟ್ಟದಿಂದ ಬೇಕಂತಲೇ ಇಡ್ಲಿ ಪಾತ್ರೆ ಇಳಿಸಿ ನೋಡಿದೆ, ಬೆನ್ನು ಜಪ್ಪಯ್ಯ ಅನ್ನಲಿಲ್ಲ. ಕೈಕೊಟ್ಟದ್ದು ಜೇಬು. ಆರನೇ ಒಗೆತದ ಹೊತ್ತಿಗೆ ಜೇಬಿನ ಮೇಲಿನ ಮೂಲೆಯಲ್ಲಿ, ಹೊಲಿಗೆ ಮುಗಿದ ಜಾಗದಲ್ಲೇ, ಎಳೆಗಳು ಬಾಯಿ ಬಿಡೋಕೆ ಶುರುವಾದವು. ಫೋನಿನ ಭಾರ. ಜೇಬು ಹಚ್ಚುವಾಗಲೇ ಹಿಂದೆ ಒಂದು ತುಂಡು ಬಟ್ಟೆ ಕೊಟ್ಟಿರಬೇಕಿತ್ತು.

ಅದನ್ನು ಸರಿಮಾಡಿದ್ದು ಕೌದಿ ನೋಡಿ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಹಳೆ ಬಟ್ಟೆ ತುಂಡುಗಳಲ್ಲಿ ಹೊಲಿಯುವ ಕೌದಿ ನೋಡಿದ್ದೀರಲ್ಲ, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ತುಂಡು ಇಡುತ್ತಾರೆ, ಅದಕ್ಕೆ ಫುಲಾ ಅನ್ನುತ್ತಾರೆ. ಅವರಿಗೆ ಅದು ಅಂದಕ್ಕೆ. ನಾನು ಅದೇ ಆಕಾರದಲ್ಲಿ ದಿಂಬಿನ ಕವರಿನ ನಾಲ್ಕು ಪುಟ್ಟ ತ್ರಿಕೋನ ಮಡಚಿ, ಜೇಬಿನ ಎರಡು ಮೂಲೆಗೂ ಒಳಗೊಂದು ಹೊರಗೊಂದು ಬರುವ ಹಾಗೆ ಹಚ್ಚಿ, ಸುತ್ತ ಕೈಹೊಲಿಗೆ ಹಾಕಿದೆ. ನೀಲಿ ಮೇಲೆ ಬಿಳಿ ಎದ್ದು ಕಾಣುತ್ತದೆ, ಕಾಣಲಿ. ಫೋನನ್ನು ಈಗ ಬ್ಯಾಗಿಗೆ ಹಾಕುತ್ತೇನೆ.

ಅಮ್ಮ ಹೋದ ವಾರ ಬಂದಿದ್ದಳು. ಕುರ್ತಾ ಹಿಡಿದು ತಿರುಗಿಸಿ, ಒಳಗಿನ ಹೊಲಿಗೆಯನ್ನೆಲ್ಲಾ ಕನ್ನಡಕ ಹಾಕಿಕೊಂಡು ನೋಡಿ, ಮೇಲಿನ ಗುಂಡಿ ಬಿಚ್ಚಿದಳು. ಒಳಪಟ್ಟಿಯ ಕಡುನೀಲಿ ಮೇಲೆ ಹೆಬ್ಬೆರಳು ಆಡಿಸಿ, “ಇದೇ ಬಣ್ಣ ನೋಡಿ ತಗೊಂಡಿದ್ದು” ಅಂದಳು. ಆಮೇಲೆ, ಅಪ್ಪನ ಪಂಚೆಯಲ್ಲಿ ತನಗೊಂದು ನೈಟಿ ಆಗುತ್ತದಾ ಅಂತ ಕೇಳಿದಳು. ಪಂಚೆ ಎರಡನ್ನೂ ಬಾಲ್ಕನಿ ಹಗ್ಗಕ್ಕೆ ಹಾಕಿದ್ದೇನೆ, ನಾಳೆ ಬೆಳಗ್ಗೆ ಬಿಸಿಲು ಬರಲಿ, ಎಲ್ಲಿ ಸವೆದಿದೆ ನೋಡಬೇಕು.